ಬರಿಯೆದೆಯ ಪಟ

ಗುಂಡ್ಲುಪೇಟೆಯಲ್ಲಿ ನನ್ನ ತಂಗಿಯ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿಗೆ ಒಂದು ಗೇಣು ಕೆಳಗೆ, ಕಟ್ಟು ಹಾಕಿಸಿದ ಫೋಟೋ ಒಂದಿದೆ. ಅದರಲ್ಲಿ ಚಡ್ಡಿಯೊಂದನ್ನು ಬಿಟ್ಟು ಮತ್ತೇನೂ ತೊಡದ ಗಂಡುಹುಡುಗರು ಸಾಲಾಗಿ ಕೈಕಟ್ಟಿ ನಿಂತಿದ್ದಾರೆ. ಎಲ್ಲರೂ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿದ್ದಾರೆ. ಕೊನೆಯವನು ಮಾತ್ರ ಆ ಗೋಡೆಗೆ ಯಾರೋ ಒರಗಿಸಿ ಮರೆತುಹೋದ ಒನಕೆಯಂತೆ ಕರ್ರಗೆ, ಉದ್ದಕ್ಕೆ ನಿಂತಿದ್ದಾನೆ. ಉಳಿದವರದು ಬರಿತಲೆ, ಅವನ ತಲೆಯ ಮೇಲೆ ಹೆಂಗಸರು ಹಾಕಿಕೊಳ್ಳುವ ರಬ್ಬರ್ ಟೋಪಿ. ಆ ಒನಕೆ ನಾನು.

ಮನೆಗೆ ಬಂದವರಿಗೆಲ್ಲ ತಂಗಿಯ ಮಾವನವರು ಆ ಪಟ ತೋರಿಸುತ್ತಾರೆ. ಎಂಬತ್ತರ ಹತ್ತಿರದ ಮುದುಕರು; ಊರುಗೋಲಿನ ತುದಿಯನ್ನು ನೇರವಾಗಿ ನನ್ನ ನೆತ್ತಿಗೇ ಮುಟ್ಟಿಸಿ ತೋರಿಸುತ್ತಾರೆ. ನಾನು ಅಲ್ಲೇ ಚಾಪೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ ಕೇಳಬೇಕು. ನನಗೂ ನಡುವಯಸ್ಸು ಬಂತು. ರಕ್ತದ ಒತ್ತಡವಿದೆ. ಬಸ್ಸು ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ನಿಲ್ದಾಣಕ್ಕೆ ಹೋಗಿ ಕೂತು, ಅದು ಆಗಲೇ ಹೋಗಿಬಿಟ್ಟಿತೇನೋ ಎಂದು ಪೇಚಾಡುವ ಸ್ವಭಾವ. ಇಂಥ ಪುಕ್ಕಲನಿಗೂ ಆ ಕೋಲು ಪಟಕ್ಕೆ ತಗುಲಿದ ಸದ್ದು ಕೇಳಿದರೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆಂದು ಒಮ್ಮೆ ಬರೆದುಬಿಡುತ್ತೇನೆ. ಡಾಕ್ಟರು ಸಿಟ್ಟನ್ನು ಒಳಗಿಟ್ಟುಕೊಳ್ಳಬೇಡಿ ಎಂದಿದ್ದಾರೆ. ಹೊರಗೆ ಹಾಕಿದರೆ ಏನಾಗುತ್ತದೆಂದು ಅವರು ಹೇಳಿಲ್ಲ.

ನಮ್ಮದು ಚಾಮರಾಜನಗರ. ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಚಂದಕವಾಡಿಯಲ್ಲಿ ಒಂದಿಷ್ಟು ಜಮೀನು, ಜಮೀನಿಗೊಂದು ಕಪಿಲೆ ಬಾವಿ. ಎತ್ತುಗಳು ನೀರು ಸೇದುವ ಆ ಬಾವಿಯಲ್ಲೇ ನನ್ನ ಸೋದರಮಾವ ನನಗೆ ಈಜು ಕಲಿಸಿದ್ದು. ಕಲಿಸಿದ್ದು ಎಂದರೆ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹಿಂದಿನಿಂದ ಒದ್ದದ್ದು. ಒದೆಯುವುದಕ್ಕೆ ಮುಂಚೆ ಮಾತ್ರ ಅವರು ಒಂದು ಕೆಲಸವನ್ನು ತುಂಬ ನಿಧಾನವಾಗಿ, ಪೂಜೆಗೆ ಕೂತವರಂತೆ ಮಾಡುತ್ತಿದ್ದರು. ನನ್ನ ಕೊರಳಿನ ಲಿಂಗವನ್ನು ತೆಗೆದು, ವಸ್ತ್ರದಲ್ಲಿ ಸುತ್ತಿ ನೆತ್ತಿಯ ಮೇಲಿಟ್ಟು, ಅದರ ಮೇಲೆ ಟವಲಿನಿಂದ ಬಿಗಿಯಾಗಿ ರುಮಾಲು ಕಟ್ಟುತ್ತಿದ್ದರು. ಕೊರಳಿನಲ್ಲೇ ಬಿಟ್ಟರೆ ಹಾರಿದಾಗ ದಾರ ಬಾವಿಯ ಕಲ್ಲಿಗೋ ಬೇರಿಗೋ ಸಿಕ್ಕಿ ಕಿತ್ತುಹೋದೀತು ಎಂಬ ಭಯ.

“ಲಿಂಗ ಒಕ್ಕುಳಿಂದ ಕೆಳಕ್ಕೆ ಇಳೀಬಾರ್ದು ಕಣ್ಲಾ,” ಎನ್ನುತ್ತಿದ್ದರು. “ತಲೆ ಮ್ಯಾಕೆ ಏರುದ್ರೆ ಯಾವ ಸ್ವಾಮಿಯೂ ಬ್ಯಾಡ ಅನ್ನಲ್ಲ. ಊಂ, ಬೀಳು ಈಗ.”

ಶಿವಾಚಾರದ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಾಗಿದ್ದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವಾಗಲೂ ಮೈಮೇಲೆ ಇರಬೇಕು. ಕಳೆದುಕೊಂಡವನು ಗುರುವಿನ ಕೈಯಿಂದ ಮತ್ತೊಂದು ಪಡೆಯುವವರೆಗೆ ತುತ್ತು ಮುಟ್ಟುವಂತಿಲ್ಲ. ಹಳಬರು ಅಷ್ಟಕ್ಕೂ ಬಿಡುತ್ತಿರಲಿಲ್ಲ; ಕಳಕೊಂಡವನು ಬದುಕಿ ಯಾರಿಗೆ ಬೇಕಾಗಿದೆ ಎನ್ನುತ್ತಿದ್ದರು. ಹುಟ್ಟಾ ದಿಗಿಲುಬುರುಕನಾದ ನನಗೆ ಇಷ್ಟು ಕೇಳಿದ್ದೇ ಸಾಕಾಯಿತು. ನಿದ್ದೆಯಲ್ಲೂ ಎದೆ ತಡವಿಕೊಳ್ಳುವುದು ಅಭ್ಯಾಸವಾಯಿತು.

ಐವತ್ತರ ದಶಕದ ನಡುವಿನಲ್ಲಿ, ಬಟ್ಟೆಗೆ ಬಣ್ಣ ಕಟ್ಟುವ ವಿದ್ಯೆ ಕಲಿಯಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ನಾನು ಇಂಗ್ಲೆಂಡಿಗೆ ಹೋದೆ. ಉತ್ತರದ ಕಡೆಯ, ಇಟ್ಟಿಗೆಗಿಂತ ಹೊಗೆಯಿಂದಲೇ ಹೆಚ್ಚಾಗಿ ಕಟ್ಟಿದಂತಿದ್ದ ಒಂದು ಊರು. ಉಳಿದುಕೊಂಡದ್ದು ಒಬ್ಬ ವಿಧವೆಯ ಮನೆಯ ಮೇಲಂತಸ್ತಿನಲ್ಲಿ. ಕೆಟ್ಟವಳಲ್ಲ. ಆದರೆ ಆಕೆಯ ಮನೆಯಲ್ಲಿ ಸ್ನಾನವೆಂಬುದು ಶುಕ್ರವಾರಕ್ಕೊಮ್ಮೆ ಬರುವ ಹಬ್ಬ. ದಿನಾ ಮಿಂದು ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕಬಾರದು ಎಂದು ಬೆಳೆದವನು ನಾನು. ಮೊದಲ ಸೋಮವಾರವೇ ಬಿಸಿನೀರು ಕೇಳಿದೆ. ಆಕೆ ನನಗೇನು ಕಾಯಿಲೆ ಎಂದು ಕೇಳಿದಳು.

ಕಾಲೇಜಿನಲ್ಲಿ ಈಜುಕೊಳ ಇತ್ತು, ಕೊಳದ ಪಕ್ಕದಲ್ಲಿ ಬಿಸಿನೀರಿನ ಕೊಳಾಯಿಗಳಿದ್ದವು. ಹಾಗಾಗಿ ನಾನು ಬೆಳಗಾಗೆದ್ದು ಹಲ್ಲು ಕಟಕಟಿಸುತ್ತಾ ಅಲ್ಲಿಗೆ ಓಡತೊಡಗಿದೆ. ಈಜಲು ಹೋದವನಲ್ಲ, ಮೀಯಲು ಹೋದವನು. ಆದರೆ ಬರೀ ಮಿಂದು ಬರುವವರಿಗೆ ಅಲ್ಲಿ ಪ್ರವೇಶವಿಲ್ಲ, ಕೊಳಕ್ಕೆ ಇಳಿಯಲೇಬೇಕು ಎಂದು ಕಾವಲಿನವನು ಗದರಿದ ಮೇಲೆ ಇಳಿದೆ. ಬಾವಿಯ ಸುತ್ತಳತೆಯಲ್ಲಿ ಸುತ್ತಿ ಅಭ್ಯಾಸವಿದ್ದವನಿಗೆ ಆ ಉದ್ದನೆಯ ಕೊಳ ಕಂಡು ಸಿಟ್ಟೇ ಬಂತು. ಮುಗಿಯುವುದೇ ಇಲ್ಲ! ಬೇಗ ಮುಗಿಸಿ ಬಿಸಿನೀರಿಗೆ ಹೋಗುವ ಆತುರದಲ್ಲಿ ಜೋರಾಗಿ ಈಜಿದೆ. ದಡದಲ್ಲಿ ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದ ಕೋಚ್ ನನ್ನನ್ನು ಕರೆದ. ಸೈನ್ಯದಲ್ಲಿದ್ದು ಬಂದ ದಪ್ಪ ಮೀಸೆಯವನು.

“ಯಾರು ನಿನಗೆ ಕಲಿಸಿದ್ದು?”

“ನಮ್ಮ ಮಾವ.”

“ನಿಮ್ಮ ಮಾವನಿಗೆ ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಒಂದೂ ಗೊತ್ತಿಲ್ಲ. ಆದರೂ ನೀನು ನಮ್ಮ ಹುಡುಗರಿಗಿಂತ ಮುಂದೆ ಹೋದೆ.”

ಮಾವ ಕಾಲಿಟ್ಟದ್ದು ಎಲ್ಲೆಂದು ನಾನು ಹೇಳಲಿಲ್ಲ. ಅವನು ನನ್ನನ್ನು ತಂಡಕ್ಕೆ ಸೇರಿಸಿಕೊಂಡ. ಒಂದು ತಿಂಗಳು ಕೈಕಾಲು ತಿದ್ದಿದ. ಆಮೇಲೆ ಮೊದಲ ಪಂದ್ಯದ ಹಿಂದಿನ ದಿನ ಬೆರಳನ್ನು ನನ್ನ ಎದೆಗೆ ಗುರಿಯಿಟ್ಟು, ಆ ದಾರ ತೆಗೆ ಎಂದ. ಪಕ್ಕದವನ ಕೈ ಸಿಕ್ಕಿಕೊಂಡೀತು, ಅಲ್ಲದೆ ನೋಡುವುದಕ್ಕೆ ಚೆನ್ನಾಗಿಲ್ಲ.

ಇದು ಆಭರಣವಲ್ಲ, ದೇವರು, ಎಂದೆ.

“ಒಳ್ಳೆಯದೇ ಆಯಿತು,” ಎಂದ. “ದೇವರನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು. ನೀನು ಈಜಿ ಬರುವ ತನಕ ಕಾಯಲಾರದ ದೇವರು ಎಂಥ ದೇವರು?”

ಹುಡುಗರು ನಕ್ಕರು. ನನ್ನ ಸಿಟ್ಟು ಆಗಲೂ ಈಗಲೂ ನಮ್ಮ ಕಡೆಯ ಬಸ್ಸಿದ್ದ ಹಾಗೆ. ಕಾದು ನಿಂತಾಗ ಬರುವುದಿಲ್ಲ. ಮನೆಗೆ ಹೋಗಿ ಕಂಬಳಿ ಹೊದ್ದುಕೊಂಡ ಮೇಲೆ ಒಂದರ ಹಿಂದೊಂದು ಬರುತ್ತದೆ. ನಿನ್ನ ಸೀಟಿಯನ್ನು ಯಾಕೆ ಕೊರಳಿಗೆ ಕಟ್ಟಿಕೊಂಡಿದ್ದೀಯ, ಅದನ್ನೂ ಬೀಗ ಹಾಕಿಡು ಎನ್ನಬೇಕಿತ್ತು. ಅನ್ನಲಿಲ್ಲ. ತೆಗೆಯುವುದಿಲ್ಲ ಎಂದಷ್ಟೇ ಹೇಳಿದೆ. ಹಾಗಾದರೆ ನೀನು ತಂಡದಲ್ಲಿಲ್ಲ ಎಂದ.

ಕೆಲವು ವಾರ ನಾನು ಒಬ್ಬನೇ ಈಜಿ, ಮಿಂದು, ಪೂಜೆ ಮಾಡಿ ತರಗತಿಗೆ ಹೋದೆ. ಬಣ್ಣದ ತೊಟ್ಟಿಗಳ ಆವಿಯಲ್ಲಿ ನಿಂತು ನೂಲಿನ ಲಡಿಗಳನ್ನು ಅದ್ದುತ್ತಾ ಅವನನ್ನೂ ಮನಸ್ಸಿನಲ್ಲೇ ಅದ್ದುತ್ತಿದ್ದೆ. ಒಂದು ದಿನ ಕೊಳದಲ್ಲಿ ಹೆಂಗಸೊಬ್ಬಳು ಕೂದಲು ನೆನೆಯದಿರಲೆಂದು ರಬ್ಬರ್ ಟೋಪಿ ಹಾಕಿಕೊಂಡು ಇಳಿದಳು. ಟೋಪಿಯ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿ ಕೂತಿತ್ತು. ಚಂದಕವಾಡಿಯ ರುಮಾಲು ನೆನಪಿಗೆ ಬಂತು. ಆವತ್ತೇ ಅಂಗಡಿಗೆ ಹೋದೆ.

“ಹೆಂಡತಿಗಾ?” ಎಂದಳು ಅಂಗಡಿಯ ಹುಡುಗಿ.

“ಅಲ್ಲ, ದೇವರಿಗೆ,” ಎಂದೆ.

ಆಕೆ ಪೊಟ್ಟಣ ಕಟ್ಟುವಾಗ ಮತ್ತೆ ನನ್ನ ಮುಖ ನೋಡಲಿಲ್ಲ. ಟೋಪಿಯ ಮೇಲೆಲ್ಲ ಉಬ್ಬು ಹೂಗಳಿದ್ದವು. ಒಳಹೊರಗು ಮಾಡಿ ಹಾಕಿಕೊಂಡೆ. ನೆತ್ತಿಯ ಮೇಲೆ ಲಿಂಗ, ಅದರ ಮೇಲೆ ರಬ್ಬರು. ಕೋಚ್ ನನ್ನ ಬರಿಯ ಎದೆ ನೋಡಿದ, ಗುಬುಟಾದ ತಲೆ ನೋಡಿದ, ನಿಯಮದ ಪುಸ್ತಕ ತಿರುವಿದ. ನಿಯಮದಲ್ಲಿ ಟೋಪಿಗೆ ಅಡ್ಡಿ ಇರಲಿಲ್ಲ. ತಂಡಕ್ಕೆ ಮರಳಿದೆ. ಹುಡುಗರು ಮಾತ್ರ ನನ್ನನ್ನು ‘ಅತ್ತೆ’ ಎಂದು ಕರೆಯತೊಡಗಿದರು. ಪಂದ್ಯ ಗೆದ್ದಾಗ ‘ನಮ್ಮ ಅತ್ತೆ’, ಸೋತಾಗ ಬರಿ ‘ಅತ್ತೆ’.

ಶನಿವಾರಗಳೆಲ್ಲ ಬಸ್ಸಿನಲ್ಲಿ ಕಳೆದವು. ಇವತ್ತು ಈ ಊರಿನ ಕಾಲೇಜು, ಮುಂದಿನ ವಾರ ಆ ಊರಿನದು. ನೋಡಿದ್ದೇನು ಎಂದರೆ ಒಂದೇ ತರದ ಹೊಗೆ, ಒಂದೇ ಹಸಿರು ಬಿಲ್ಲೆಯ ಕೊಳಗಳು, ಒಂದೇ ಔಷಧಿಯ ವಾಸನೆಯ ನೀರು. ಬಸ್ಸಿನಲ್ಲಿ ಅವರು ಹಾಡುತ್ತಿದ್ದರು; ನಾನು ಟೋಪಿ ಚೀಲದಲ್ಲಿದೆಯೇ ಎಂದು ತಡವಿ ನೋಡುತ್ತಿದ್ದೆ, ಬ್ರೆಡ್ಡಿನ ಪೊಟ್ಟಣ ಇದೆಯೇ ಎಂದು ನೋಡುತ್ತಿದ್ದೆ, ಮತ್ತೆ ಟೋಪಿ ನೋಡುತ್ತಿದ್ದೆ. ಮಾಂಸ ಮುಟ್ಟದವನಿಗೆ ಆ ದೇಶದ ದಾರಿಯಲ್ಲಿ ಸಿಗುತ್ತಿದ್ದದ್ದು ಬ್ರೆಡ್ಡು, ಇಲ್ಲವೇ ಕಾಗದದಲ್ಲಿ ಸುತ್ತಿಕೊಡುವ ಕರಿದ ಆಲೂಗೆಡ್ಡೆ. ಆ ಬಿಸಿಬಿಸಿ ಗೆಡ್ಡೆಯಷ್ಟು ರುಚಿಯಾದದ್ದು ಅಲ್ಲಿ ಮತ್ತೊಂದು ಕಾಣೆ. ಎಷ್ಟೋ ಶನಿವಾರ ತಿಂದ ಮೇಲೆ ಒಬ್ಬ ಹುಡುಗ, “ಅತ್ತೆ, ನೀನು ದನ ತಿನ್ನುವುದಿಲ್ಲವಲ್ಲ? ಇಲ್ಲಿ ಇದನ್ನು ಕರಿಯುವುದೇ ದನದ ಕೊಬ್ಬಿನಲ್ಲಿ,” ಎಂದ. ಬಸ್ಸು ನಿಲ್ಲಿಸಿ ಇಳಿದು ವಾಂತಿ ಮಾಡಿದೆ. ಅವರಿಗೆಲ್ಲ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಸವಿಯುವುದನ್ನು ನೋಡಿ ನಗಲೆಂದು ಸುಮ್ಮನಿದ್ದರು. ಆ ನಗುವಿನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಮನೆಯಲ್ಲಿ ಹೆಂಡತಿ ಎಳ್ಳೆಣ್ಣೆಯಲ್ಲಿ ಆಲೂಗೆಡ್ಡೆ ಕರಿದರೂ ನಾನು ಎದ್ದು ಹೋಗಿ ಎಣ್ಣೆಯ ಡಬ್ಬ ನೋಡಿ ಬರುತ್ತೇನೆ.

ಭಾನುವಾರಗಳಲ್ಲಿ ಒಬ್ಬನೇ ರೈಲು ಹತ್ತುತ್ತಿದ್ದೆ. ಸಮುದ್ರದ ದಡಕ್ಕೆ ಹೋದೆ. ಅಲ್ಲಿ ಜನ ಕೋಟು ತೊಟ್ಟು, ಕುರ್ಚಿ ಹಾಕಿಕೊಂಡು, ಥರಗುಟ್ಟುತ್ತಾ ಐಸ್‌ಕ್ರೀಮು ತಿನ್ನುತ್ತಿದ್ದರು. ಇಷ್ಟು ನೀರಿದ್ದೂ ಯಾರೂ ಇಳಿಯಲಿಲ್ಲ. ಬೋಳುಗುಡ್ಡಗಳಿಗೆ ಹೋದೆ. ಕಲ್ಲಿನ ಗೋಡೆಗಳ ನಡುವೆ ಕುರಿಗಳು ನನ್ನನ್ನು ಕಂಡು ಓಡಲಿಲ್ಲ. ನನ್ನನ್ನು ಕಂಡು ಬೇರೆಡೆ ನೋಡದೆ ಇದ್ದದ್ದು ಅವು ಮಾತ್ರ ಎನಿಸಿ ಅಲ್ಲೇ ಕೂತು ಬ್ರೆಡ್ಡು ತಿಂದೆ.

ಎರಡನೆಯ ವರ್ಷ ನಮ್ಮ ತಂಡ ಗೆದ್ದಾಗ ಆ ಫೋಟೋ ತೆಗೆಸಿದರು. ಈಜಿ ಎದ್ದ ಮೈ ಆರುವ ಮುಂಚೆ ತೆಗೆದದ್ದು. ಟೋಪಿ ತೆಗೆಯೆಂದರು, ಆಗುವುದಿಲ್ಲ ಎಂದೆ. ಒಂದು ಪ್ರತಿಯನ್ನು ಹೆಮ್ಮೆಯಿಂದ ಮನೆಗೆ ಕಳಿಸಿದೆ. ಯಾವುದಕ್ಕೂ ಹತ್ತು ಸಲ ಹೆದರುವವನಿಗೆ ಆವತ್ತು ಮಾತ್ರ ಯಾವ ಹೆದರಿಕೆಯೂ ಆಗಲಿಲ್ಲ.

ಓದು ಮುಗಿಸಿ ಬಂದು ಚಾಮರಾಜನಗರದ ಸ್ಟೇಷನ್ನಿನಲ್ಲಿ ಇಳಿದದ್ದು ಬಿರುಬೇಸಗೆಯಲ್ಲಿ. ಅಪ್ಪ ಒಬ್ಬರೇ ಬಂದಿದ್ದರು. ಜಟಕಾದಲ್ಲಿ ಪೂರ್ತಿ ದಾರಿ ಮಳೆಬೆಳೆಯ ಮಾತು. ಹೊಸಿಲಿನಲ್ಲಿ ಅವ್ವ ನಿಂತಿದ್ದಳು. ಕಾಲಿಗೆ ಬಿದ್ದು ಎದ್ದವನನ್ನು ತಬ್ಬಿಕೊಂಡಳು. ತಬ್ಬಿದ ಕೈ ಬೆನ್ನಿಗೆ ಹೋಗಲಿಲ್ಲ; ನನ್ನ ಎದೆಯ ಮೇಲೆ ಅಂಗಿಯ ಹೊರಗಿನಿಂದಲೇ ತಡವಿತು. ಲಿಂಗವಿಡುವ ಕರಡಿಗೆ ಕೈಗೆ ಸಿಕ್ಕಿದ ಕೂಡಲೇ ಅವಳು ಬಿಟ್ಟ ಉಸಿರು ನನ್ನ ಕಿವಿಗೆ ಕೇಳಿಸಿತು. ಎರಡು ವರ್ಷ ಕಾಣದ ಮಗ ಬಂದದ್ದಕ್ಕೆ ಬಿಟ್ಟ ಉಸಿರಲ್ಲ ಅದು.

“ಏನಾಯ್ತವ್ವಾ?” ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹೇಳಿದ್ದು ತಂಗಿ.

ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿಗಳ ಮನೆಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ವೀಳ್ಯ ಬದಲಾಯಿಸುವುದಷ್ಟೇ ಬಾಕಿ. ಅಪ್ಪ ಫೋಟೋಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು. ನನ್ನ ಸೋದರಮಾವ, ಅದೇ ಒದ್ದು ಕಲಿಸಿದ ಪುಣ್ಯಾತ್ಮರು, ಇಂಗ್ಲೆಂಡಿನಲ್ಲಿ ಓದುವ ಸೋದರಳಿಯನನ್ನು ಬೀಗರಿಗೆ ತೋರಿಸೋಣವೆಂದು ಅದನ್ನು ಕಂಕುಳಲ್ಲಿ ಇರುಕಿಕೊಂಡು ಗುಂಡ್ಲುಪೇಟೆಗೆ ಹೋದರು. ಹುಡುಗನ ತಂದೆ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಎದೆ ಮ್ಯಾಲೆ ಕರಡಿಗೆ ಎಲ್ಲದೆ?” ಎಂದರಂತೆ. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ. ನಮ್ಮ ಪೇಟೆಯಲ್ಲಿ ಸುದ್ದಿಯೋ ಸುದ್ದಿ. ಲಿಂಗವನ್ನು ಸಮುದ್ರಕ್ಕೆ ಎಸೆದನಂತೆ, ಬಿಳೀ ಹೆಂಗಸನ್ನು ಕಟ್ಟಿಕೊಂಡನಂತೆ, ತಲೆಯ ಮೇಲಿರುವುದು ಅವಳದೇ ಟೋಪಿಯಂತೆ. ಅವ್ವ ಮಠಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. ಕೊನೆಗೆ ಗುಂಡ್ಲುಪೇಟೆಯವರು, ಹುಡುಗ ಬಂದಮೇಲೆ ಒಂದು ಸಲ ಕಣ್ಣಾರೆ ನೋಡೋಣ ಎಂದು ಹೇಳಿಕಳಿಸಿದ್ದರು.

“ನನ್ನ ಅಂಗಿ ಬಿಚ್ಚಿ ನೋಡುವುದಕ್ಕೆ ಅವರ್ಯಾರು?” ಎಂದು ಕೂಗಾಡಿದೆ. ಮನೆಯಲ್ಲಿ ನನ್ನ ಸಿಟ್ಟಿಗೆ ಬಸ್ಸಿನ ತೊಂದರೆಯಿಲ್ಲ, ಕೂಡಲೇ ಬರುತ್ತದೆ. “ಅಂಥ ಮನೆಗೆ ನೀನು ಹೋಗಲೇಬೇಡ ಕಣಮ್ಮಿ. ಇನ್ನೊಂದು ನೋಡೋಣ.”

ತಂಗಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

“ನಾ ಓಗ್ಬೇಕು ಕಣಣ್ಣ.”

“ಏನು?”

“ಅವ್ರು ಒಂದ್ ಸಲ ನಮ್ಮನೇಗ್ ಬಂದಿದ್ರಲ್ಲ, ಆವತ್ತು ನೋಡಿವ್ನಿ. ನಾ ನೀರ್ ಕೊಟ್ರೆ, ನೀವು ಕುಡುದ್ರಾ ಅಂತ ಕೇಳುದ್ರು. ಯಾವ್ ಗಂಡ್ಸು ಕೇಳ್ತಾನೆ ಅಂಗೆ?” ಒಂದು ಕಲ್ಲನ್ನು ಆರಿಸಿ ಎಸೆದಳು. “ಅವರಪ್ಪ ಎಂಗಾರಾ ಇರ್ಲಿ. ನೀ ಓಗಿ ಅಂಗಿ ಬಿಚ್ಚು ತೋರ್ಸ್‌ಬುಟ್ಟು ಬಾ. ನಿನ್ ಕ್ವಾಪ ನಿನ್ ತಾವೇ ಮಡಿಕೊ. ಆಮ್ಯಾಕೆ ಬೇಕಾದ್ರೆ ನನ್ ಮ್ಯಾಲೆ ತೀರಿಸ್ಕೊ.”

ಅವಳ ಬಾಳು ನನ್ನ ಅಂಗಿಯ ಗುಂಡಿಗೆ ನೇತುಬಿದ್ದಿತ್ತು.

ಅಪ್ಪ, ಮಾವ, ನಾನು ಗುಂಡ್ಲುಪೇಟೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನನಗೆ ಚಿಂತೆ. ಎದೆಯದಲ್ಲ, ಹೊಟ್ಟೆಯದು. ಅಲ್ಲಿ ಏನು ತಿಂದೆ ಎಂದು ಕೇಳಿದರೆ? ಆಲೂಗೆಡ್ಡೆ ಎನ್ನುವಾಗ ನನ್ನ ಮುಖ ಏನಾಗುತ್ತದೆ? ಸಾಕ್ಷಿಗಿರಲಿ ಎಂದು ಆ ಪಟವನ್ನೂ ರಬ್ಬರ್ ಟೋಪಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಹಡಗಿನ ಸೆಕೆಗೆ, ಟ್ರಂಕಿನ ತಳದಲ್ಲಿ ಟೋಪಿ ಅಂಟಂಟಾಗಿತ್ತು. ಮುಟ್ಟಿದಾಗ ಗೊತ್ತಾಗಿತ್ತು.

ಜಗಲಿಯ ಮೇಲೆ ಹುಡುಗನ ತಂದೆ, ಅವರ ಅಣ್ಣ, ನೆರೆಯ ಒಂದಷ್ಟು ಹಿರಿಯರು ಕಾಯುತ್ತಿದ್ದರು. ಹುಡುಗ ಬಾಗಿಲಿನ ಹತ್ತಿರ ನಿಂತಿದ್ದ. ಬೆಲ್ಲ ನೀರು ಕೊಟ್ಟರು. ಹಡಗು, ಗಾಳಿ, ಚಳಿ ಎಲ್ಲ ವಿಚಾರಿಸಿದರು. ಆಮೇಲೆ ಹುಡುಗನ ತಂದೆ ಬೀಸಣಿಗೆ ಎತ್ತಿಕೊಂಡರು.

“ಏನ್ ಸೆಕೆನಪ್ಪಾ ಈ ವರ್ಸ. ಅಂಗಿ ಬಿಚ್ಚು ಅಂತ ನಾವ್ ಏಳಕಾಯ್ತದಾ? ವಸಿ ಗಾಳಿ ಆಡ್ಲಿ ಅಂತ ಅಷ್ಟೆಯಾ.”

ಎಷ್ಟು ನಾಜೂಕು! ತಂಗಿಯ ಮೊರ ಕಣ್ಣ ಮುಂದೆ ಬಂತು. ಗುಂಡಿ ಬಿಚ್ಚಿದೆ. ಕರಡಿಗೆ ಹೊರಗೆ ಬಂತು. ಎಲ್ಲರೂ ಮುಂದಕ್ಕೆ ಬಾಗಿದರು.

“ಕರಡಿಗೆ ಅದೆ,” ಎಂದರು ಹುಡುಗನ ತಂದೆ.

“ದಾರ ಒಸದಾಗದಲ್ಲಾ?” ಎಂದರು ಅವರ ಅಣ್ಣ. “ಬೊಂಬಾಯಿಲಿ ಇಳಿತಿದ್ದಂಗೆ ಯಾವ್ದ್ ಬೇಕಾದ್ರೂ ಸಿಕ್ತದಂತಪ್ಪ.”

ಅಪ್ಪನ ಮುಖ ಕೆಂಪಾಯಿತು. ನಾನು ಪಟ ತೋರಿಸಿ, ನೆತ್ತಿಯ ಮೇಲಿನ ಗುಬುಟು ತೋರಿಸಿ, ಟೋಪಿ ತೆಗೆದು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. “ನಮ್ ಚಂದಕವಾಡಿ ಬಾವೀಲೂ ಅಂಗೇ ಕಟ್ಟದು ಬುದ್ಧಿ, ನಾನೇ ಕಟ್ತಿದ್ದೆ,” ಎಂದರು ಮಾವ.

“ಬಾವಿ ಮಾತ್ ಬುಡಿ,” ಅಣ್ಣ ಟೋಪಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. ಉಬ್ಬು ಹೂಗಳು ಎಲ್ಲರಿಗೂ ಕಂಡವು. “ಈ ಎಂಗಸ್ರು ಕುಲಾವಿ ಒಳಗೆ ಲಿಂಗ ನಿಂತದಾ? ನೀರೊಳಗೆ? ಯಾರ್ಗಪ್ಪಾ ಏಳೀಯೆ?”

ನಗು. ಬಸ್ಸಿನಲ್ಲಿ ನನ್ನ ಬಾಯನ್ನೇ ನೋಡುತ್ತಾ ನಕ್ಕವರ ಅದೇ ನಗು. ಇದಕ್ಕೆ ಅರಿಸಿನದ ವಾಸನೆಯಿತ್ತು ಅಷ್ಟೆ. ನನ್ನ ಜನ್ಮದಲ್ಲಿ ಮೊದಲ ಸಲ ಮನೆಯ ಹೊರಗೂ ಸಿಟ್ಟು ಹೊತ್ತಿಗೆ ಸರಿಯಾಗಿ ಬಂತು.

“ನಿಲ್ತದೋ ಇಲ್ವೋ ನೋಡನ ಬನ್ನಿ. ಬಾವಿ ಅದಲ್ಲಾ ನಿಮ್ ತ್ವಾಟದಲ್ಲಿ?”

ಹೇಳಿದ ಮೇಲೆ ಅಂಟಂಟು ಟೋಪಿಯ ನೆನಪಾಯಿತು. ಅಷ್ಟರಲ್ಲಿ ಎಲ್ಲರೂ ಕೋಲು ಹುಡುಕಿಕೊಂಡು ಎದ್ದಿದ್ದರು.

ತೋಟ ಊರಾಚೆಗೆ ಇತ್ತು. ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ಹೋಗಿತ್ತು. ಬಾವಿಯ ಸುತ್ತ ಜಾತ್ರೆಯೇ ನೆರೆದಿತ್ತು. ಬೇಸಗೆಯ ನೀರು ಆಳಕ್ಕಿಳಿದಿತ್ತು. ಒಂದು ಪಕ್ಕಕ್ಕೆ ಕಲ್ಲುಮೆಟ್ಟಿಲು, ಎದುರಿಗೆ ಕಪಿಲೆಯ ಚಾಚುಗಲ್ಲು, ಅದರ ಕೆಳಗೆ ಕತ್ತಲೆ. ಎಲ್ಲರ ಕಣ್ಣೆದುರಿಗೇ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು ನೆತ್ತಿಯ ಮೇಲಿಟ್ಟು ಟೋಪಿ ಎಳೆದುಕೊಂಡೆ. ಹುಡುಗ ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ ನಿಂತ.

“ಜ್ವಾಕೆ,” ಎಂದ. ಆ ಜಾಗದಲ್ಲಿ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೊಂದೇ.

ಕಾಲೇಜಿನಲ್ಲಿ ಕಲಿತ ಹಾಗೆ ತಲೆ ಕೆಳಗಾಗಿ ಹಾರಿದೆ. ಅದೇ ತಪ್ಪಾಯಿತು. ನಮ್ಮ ಕಡೆಯವರು ಯಾರೂ ಬಾವಿಗೆ ಹಾಗೆ ಹಾರುವುದಿಲ್ಲ, ಕಾಲು ಮುಂದು ಮಾಡಿ ಬೀಳುತ್ತಾರೆ. ಇವರಿಗೆ ತೋರಿಸಿಬಿಡೋಣವೆಂಬ ಕೊಬ್ಬು. ನೀರು ನೆತ್ತಿಗೆ ಬಡಿದ ಕೂಡಲೇ ರಬ್ಬರು ಹರಿದದ್ದು ಕಿವಿಯಲ್ಲಿ ಕೇಳಿಸಿತು. ಕೈ ತಲೆಗೆ ಹೋಯಿತು. ಕೂದಲಿತ್ತು, ಮತ್ತೇನೂ ಇರಲಿಲ್ಲ.

ಎರಡು ವರ್ಷ ಹೊಗೆಯ ಊರುಗಳಲ್ಲಿ, ದೇವರನ್ನು ಪೆಟ್ಟಿಗೆಗೆ ಹಾಕು ಎಂದವರ ನಡುವೆ ಕಾಪಾಡಿಕೊಂಡದ್ದನ್ನು, ಲಿಂಗ ಇದೆಯೇ ಎಂದು ಕೇಳಿದವರ ಬಾವಿಯಲ್ಲಿ ಕಳೆದುಕೊಂಡಿದ್ದೆ! ನೀರಿನೊಳಗೆ ಕೂಗಲು ಬರುವುದಿಲ್ಲ. ಬಂದಿದ್ದರೆ ಗುಂಡ್ಲುಪೇಟೆಗೆಲ್ಲ ಕೇಳಿಸುತ್ತಿತ್ತು. ತಳ ತಡಕಿದೆ, ಕೆಸರು ಬಂತು. ಬರಿತಲೆಯಲ್ಲಿ ಮೇಲೆದ್ದರೆ ಎಲ್ಲ ಮುಗಿಯಿತು. ಉಸಿರು ತಡೆಯಲಾರದೆ ಕಪಿಲೆಯ ಕಲ್ಲಿನ ಕೆಳಗಿನ ಕತ್ತಲೆಗೆ ಹೋಗಿ, ಮೂಗಿನಷ್ಟು ಹೊರಗೆ ಹಾಕಿ ಉಸಿರೆಳೆದುಕೊಂಡೆ. ಮೇಲಿನವರಿಗೆ ಕಾಣಲಿಲ್ಲ. ಮೆಟ್ಟಿಲ ಮೇಲಿದ್ದ ಹುಡುಗನಿಗೆ ಕಂಡಿತು. ನನ್ನ ಬರಿತಲೆ ನೋಡಿದ, ನನ್ನ ಕಣ್ಣು ನೋಡಿದ.

“ಬಾಳ ವ್ಯಾಳೆ ಆಯ್ತು, ನಾನೂ ಒಂದ್ ಕೈ ನೋಡ್ತೀನಿ,” ಎಂದು ಮೇಲಕ್ಕೆ ಕೂಗಿ, ಪಂಚೆಯ ಸಮೇತ ಬಿದ್ದ.

ನಾನೂ ಮತ್ತೆ ಮುಳುಗಿದೆ. ಅವನಿಗೆ ಆ ಬಾವಿಯ ಕಲ್ಲುಕಲ್ಲೂ ಗೊತ್ತು. ಸ್ವಲ್ಪ ಹೊತ್ತಿನಲ್ಲೇ ನನ್ನ ಮಣಿಕಟ್ಟನ್ನು ಯಾರೋ ಹಿಡಿದುಕೊಂಡರು. ಎಳೆದುಕೊಂಡು ಹೋಗಿ ನೀರಿನೊಳಗೆ ಮುಳುಗಿದ್ದ ಒಂದು ಮೆಟ್ಟಿಲಿನ ಸಂದಿಗೆ ನನ್ನ ಕೈ ಸೇರಿಸಿದರು. ಒದ್ದೆ ಬಟ್ಟೆಯ ಗಂಟು ಬೆರಳಿಗೆ ಸಿಕ್ಕಿತು. ಇನ್ನೊಬ್ಬರ ಲಿಂಗ ಮುಟ್ಟಬಾರದೆಂದು, ತನಗೆ ಸಿಕ್ಕಿದ್ದರೂ ತಾನು ಮುಟ್ಟದೆ, ಉಸಿರು ಕಟ್ಟುತ್ತಿದ್ದರೂ ನನ್ನ ಕೈಯನ್ನೇ ಹುಡುಕಿ ತಂದಿದ್ದ.

ಗಂಟನ್ನು ಎರಡೂ ಕೈಯಲ್ಲಿ ನೆತ್ತಿಗೆ ಒತ್ತಿ ಹಿಡಿದುಕೊಂಡು, ಬರೀ ಕಾಲಿನಿಂದ ಈಜುತ್ತಾ ಮೇಲೆ ಬಂದೆ. ಬೇರೆ ದಾರಿ ಇರಲಿಲ್ಲ. ಮೇಲಿನವರು ತಿಳಿದುಕೊಂಡದ್ದೇ ಬೇರೆ.

“ನೋಡ್ರಯ್ಯಾ!” ಹುಡುಗನ ತಂದೆಯ ದನಿ ಬಾವಿಯೊಳಗೆ ಗುಂಯ್ಗುಟ್ಟಿತು. “ಟೋಪಿ ಅರುದ್ರೂ ಲಿಂಗ ಬುಡ್ನಿಲ್ಲ ಕಣ್ರೋ! ತಲೆ ಮ್ಯಾಲೆ ಒತ್ಕಂಡು ಬಂದವ್ನೆ!”

ಎಲ್ಲರೂ ಕೈಮುಗಿದರು. ನನಗಲ್ಲ, ಗಂಟಿಗೆ. ಅಂಗಿ ಬಿಚ್ಚಿಸಿದ್ದಕ್ಕೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಅಪ್ಪ, ಮಾವ ಕಣ್ಣೀರು ಹಾಕುತ್ತಿದ್ದರು. ಮೆಟ್ಟಿಲ ಮೇಲೆ ಹುಡುಗ ಪಂಚೆ ಹಿಂಡುತ್ತಾ ಕೂತಿದ್ದ. ನಾನು ಹತ್ತಿರ ಹೋದಾಗ, “ಕಾಲ್ ಮುಂದ್ ಮಾಡಿ ಬೀಳ್ಬೇಕು ಬಾವ,” ಎಂದ, ಮೆಲ್ಲಗೆ. ಮದುವೆ ಅಲ್ಲೇ ನಿಶ್ಚಯವಾಯಿತು. ಹೊಟ್ಟೆಯ ವಿಷಯ ಯಾರೂ ಕೇಳಲಿಲ್ಲ.

ಮದುವೆಯ ದಿನ ಬೀಗರು ಆ ಪಟವನ್ನು ಕೇಳಿ ಪಡೆದರು. ಅವತ್ತಿನಿಂದ ಅದು ಅವರ ನಡುಮನೆಯಲ್ಲಿದೆ. ಮೊದಲು ಎದೆಯ ಮೇಲೆ ಕರಡಿಗೆ ಇಲ್ಲವೆಂದು ಕಂಡ ಕಣ್ಣು, ಈಗ ತಲೆಯ ಮೇಲಿನ ಗುಬುಟನ್ನು ಎಲ್ಲರಿಗೂ ತೋರಿಸುತ್ತಿದೆ. ಪಟ ಒಂದೇ, ನಾನೂ ಒಬ್ಬನೇ. ಈ ಸಿಟ್ಟನ್ನು ನಾನು ಯಾರ ಹತ್ತಿರ ತೀರಿಸಿಕೊಳ್ಳಲಿ? ತಂಗಿ ತನ್ನ ಮೇಲೆ ತೀರಿಸಿಕೋ ಎಂದಿದ್ದಳು. ಅವಳು ಆ ಮನೆಯಲ್ಲಿ ಸುಖವಾಗಿದ್ದಾಳೆ. ಅವಳ ಗಂಡ ಇವತ್ತಿಗೂ ನೀರು ಕೊಟ್ಟರೆ, ನೀನು ಕುಡಿದೆಯಾ ಎನ್ನುತ್ತಾನೆ. ಹೇಗೆ ತೀರಿಸಿಕೊಳ್ಳುವುದು?

ಹೋದ ತಿಂಗಳು ಹೋಗಿದ್ದೆ. ಉಮ್ಮತ್ತೂರಿನ ಕಡೆಯ ನೆಂಟರು ಯಾರೋ ಬಂದಿದ್ದರು. ಮುದುಕರು ಕೋಲು ಎತ್ತಿದರು, ಪಟಕ್ಕೆ ತಗುಲಿದ ಸದ್ದಾಯಿತು, ಕಥೆ ಬಾವಿಯ ತನಕ ಬಂತು. ತಂಗಿಯ ಗಂಡನೂ ನಾನೂ ಎಂದಿನಂತೆ ಒಬ್ಬರನ್ನೊಬ್ಬರು ನೋಡದೆ ಗೋಡೆ ನೋಡಿದೆವು. ಅಷ್ಟಕ್ಕೇ ನಿಲ್ಲಿಸದೆ ಮುದುಕರು ನನ್ನ ಕಡೆಗೆ ತಿರುಗಿದರು.

“ಬಾವೀಲಿ ನೀರ್ ಬಂದದೆ ಕಣಪ್ಪ. ಇವ್ರೂ ನೋಡ್ಲಿ, ಇನ್ನೊಂದ್ ಸಲ ಇಳುದು ತೋರ್ಸೀಯಾ?”

ನನ್ನ ಸಿಟ್ಟು ಎಂದಿನಂತೆ ಎಲ್ಲೋ ದಾರಿಯಲ್ಲಿತ್ತು. ಮಜ್ಜಿಗೆಯ ಚೊಂಬು ಹಿಡಿದು ಒಳಗಿನಿಂದ ಬಂದ ತಂಗಿ ಮಾವನ ಮುಂದೆ ನಿಂತಳು. ಗಂಡ ಅವಳಿಗೆ ಯಾವತ್ತೋ ಎಲ್ಲ ಹೇಳಿದ್ದಾನೆಂದು ಆ ಮುಖ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.

“ಈ ಸಲ ನೀವೇ ಇಳೀರಿ ಮಾವ,” ಎಂದಳು. “ನಾವೆಲ್ಲ ಮ್ಯಾಲೆ ನಿಂತ್ಕಂಡು, ಲಿಂಗ ಅದೋ ಇಲ್ವೋ ನೋಡ್ತೀವಿ.”

ಮುದುಕರ ಕೈ ತಾನಾಗಿ ಅವರ ಎದೆಗೆ ಹೋಯಿತು. ತಡವಿ ನೋಡಿಕೊಂಡರು.